ಅಕ್ಷರಗುಂಡಿನ ಐದು ಮಾತು

ಚಿತ್ರದುರ್ಗದಿಂದ ಬಳ್ಳಾರಿ ಹಾದಿ ಹಿಡಿದು ಚಳ್ಳಕೆರೆ ದಾಟಿದರೆ ನೆಲದ ಚಹರೆ ಬದಲಾಗುತ್ತದೆ. ಶೇಂಗಾ ಹೊಲಗಳು, ನಡುನಡುವೆ ಜಾಲಿ, ದೂರದಲ್ಲಿ ಬರೀ ಬಂಡೆಗಳನ್ನೇ ಪೇರಿಸಿಟ್ಟಂತಹ ಗುಡ್ಡಗಳು. ಮೊಳಕಾಲ್ಮುರು ತಾಲ್ಲೂಕಿನ ಸಿದ್ದಾಪುರದ ಪಕ್ಕದ ಬ್ರಹ್ಮಗಿರಿ ಅಂಥದ್ದೊಂದು ಗುಡ್ಡ. ಚಿನ್ನಹಗರಿಯ ಸೀಮೆ ಅದು. ಅಲ್ಲಿರುವ ಒಂದು ಬಂಡೆಯ ಮೇಲೆ ಏನೋ ಬರೆದಿದೆ ಎಂಬುದು ಊರವರಿಗೆ ಮೊದಲಿನಿಂದಲೂ ಗೊತ್ತಿತ್ತು. ಹಾಗಾಗಿಯೇ ಅದಕ್ಕೆ ಅಕ್ಷರಗುಂಡು ಎಂಬ ಹೆಸರು. ಬರೆದದ್ದು ಏನೆಂದು ತಿಳಿಯಲು 1892ರವರೆಗೆ ಕಾಯಬೇಕಾಯಿತು. ಮೈಸೂರು ಸಂಸ್ಥಾನದ ಶಾಸನಗಳನ್ನು ಹುಡುಕುತ್ತ ಊರೂರು ಅಲೆಯುತ್ತಿದ್ದ ಬಿ.ಎಲ್. ರೈಸ್ ಆ ವರ್ಷ ಇದನ್ನು ಬೆಳಕಿಗೆ ತಂದರು. ಕ್ರಿಸ್ತಪೂರ್ವ 3ನೇ ಶತಮಾನದಲ್ಲಿ ಸಾಮ್ರಾಟ ಅಶೋಕ ಕಳಿಸಿದ ಮಾತು ಅದರ ಮೇಲಿತ್ತು. ಅದೇ ಶಾಸನದ ಇನ್ನೆರಡು ಪ್ರತಿಗಳು ಹತ್ತಿರದಲ್ಲೇ ಸಿಕ್ಕವು: ಒಂದು ಸಿದ್ದಾಪುರದಲ್ಲಿ, ಇನ್ನೊಂದು ಜಟಿಂಗ ರಾಮೇಶ್ವರ ಬೆಟ್ಟದ ಮೇಲೆ. ಬೆಟ್ಟದ ಮೇಲಿನ ಬಂಡೆಗೆ ಜನ ಬಳೆಗಾರಗುಂಡು ಎನ್ನುತ್ತಿದ್ದರು. ಅಲ್ಲಿನ ಅಕ್ಷರಗಳು ಬಹುಪಾಲು ಸವೆದುಹೋಗಿವೆ.

ದುರ್ಗದ ಜಿಲ್ಲೆ ಎಂದಕೂಡಲೇ ಕಣ್ಣಮುಂದೆ ಬರುವುದು ಏಳುಸುತ್ತಿನ ಕೋಟೆ, ಮದಕರಿ ನಾಯಕ, ಓಬವ್ವನ ಕಿಂಡಿ. ಶೌರ್ಯದ ಕಥೆಗಳನ್ನು ನಾವು ಚೆನ್ನಾಗಿ ಕಾಪಾಡಿಕೊಂಡು ಬಂದಿದ್ದೇವೆ. ಆ ಕೋಟೆ ಏಳುವುದಕ್ಕೆ ಸಾವಿರದೈನೂರಕ್ಕೂ ಹೆಚ್ಚು ವರ್ಷ ಮೊದಲು ಇದೇ ಜಿಲ್ಲೆಯ ಬಂಡೆಯೊಂದರ ಮೇಲೆ ಮನುಷ್ಯ ಹೇಗೆ ಬದುಕಬೇಕು ಎಂದು ಬರೆದಿಟ್ಟಿದ್ದರು ಎಂಬುದು ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಯ ಎಷ್ಟು ಮನೆಗಳಲ್ಲಿ ಮಾತಿಗೆ ಬರುತ್ತದೆ? ಪರೀಕ್ಷೆಗೆ ಒಂದು ಅಂಕದ ಪ್ರಶ್ನೆಯಾಗಿ ಬಂದು ಹೋಗುತ್ತದೆ, ಅಷ್ಟೆ. ಅಲ್ಲಿ ಬರೆದಿರುವುದು ಅಷ್ಟಕ್ಕೇ ಬಿಡುವಂಥದ್ದಲ್ಲ.

ಶಾಸನ ಶುರುವಾಗುವುದು ಕ್ಷೇಮಸಮಾಚಾರದಿಂದ. ಸುವರ್ಣಗಿರಿಯಲ್ಲಿದ್ದ ರಾಜಕುಮಾರ ಮತ್ತು ಮಹಾಮಾತ್ರರು, ಅಂದರೆ ಹಿರಿಯ ಅಧಿಕಾರಿಗಳು, ಇಸಿಲದ ಮಹಾಮಾತ್ರರಿಗೆ ಬರೆದ ಪತ್ರ ಅದು. ಇಸಿಲ ಎಂಬುದು ಬ್ರಹ್ಮಗಿರಿಯ ಬುಡದಲ್ಲಿದ್ದ ಪಟ್ಟಣ ಎಂದು ಇತಿಹಾಸಕಾರರು ಗುರುತಿಸುತ್ತಾರೆ. ಮೊದಲು ಅಲ್ಲಿನವರ ಆರೋಗ್ಯ ವಿಚಾರಿಸಿ, ಆಮೇಲೆ ದೊರೆಯ ಮಾತನ್ನು ತಿಳಿಸಬೇಕು ಎಂದು ಹೇಳಿದೆ. ರಾಜಾಜ್ಞೆಯೊಂದು ‘ಚೆನ್ನಾಗಿದ್ದೀರಾ’ ಎಂದು ಕೇಳಿ ಮುಂದುವರಿಯುವುದನ್ನು ನೋಡಿದರೆ ನನಗೆ ಬರೆದವರ ಮೇಲೆ ಅಕ್ಕರೆ ಹುಟ್ಟುತ್ತದೆ.

ಆಮೇಲೆ ಅಶೋಕ ತನ್ನ ವಿಷಯಕ್ಕೆ ಬರುತ್ತಾನೆ. ತಾನು ಬುದ್ಧನ ಉಪಾಸಕನಾಗಿ ಎರಡೂವರೆ ವರ್ಷಕ್ಕೂ ಮೇಲಾಯಿತು, ಆದರೆ ಮೊದಲ ಒಂದು ವರ್ಷ ಅಂಥ ಶ್ರಮವನ್ನೇನೂ ಹಾಕಲಿಲ್ಲ ಎನ್ನುತ್ತಾನೆ. ಸಂಘದ ಹತ್ತಿರ ಹೋದ ಮೇಲಿನ ಒಂದು ವರ್ಷಕ್ಕೂ ಮಿಕ್ಕ ಕಾಲದಲ್ಲಿ ಮಾತ್ರ ಮನಸ್ಸಿಟ್ಟು ದುಡಿದೆ ಎನ್ನುತ್ತಾನೆ. ಗಂಧಾರದಿಂದ ನಮ್ಮ ಸೀಮೆಯವರೆಗೆ ಆಳಿದ ದೊರೆ, ಶುರುವಿನಲ್ಲಿ ತಾನು ಸೋಮಾರಿಯಾಗಿದ್ದೆ ಎಂಬುದನ್ನು ಕಲ್ಲಿನ ಮೇಲೆ ಕೊರೆಸಿ, ತನ್ನನ್ನು ಎಂದೂ ಕಾಣದ ದೂರದ ಜನರಿಗೆ ಓದಿಸಿದ್ದಾನೆ. ಹೊಗಳಿಕೆ ಕೇಳಿಸಿಕೊಳ್ಳುವುದು ರಾಜರ ವಾಡಿಕೆ. ತನ್ನ ಕೊರತೆಯನ್ನು ತಾನೇ ಸಾರಿದ್ದು ಅಪರೂಪ.

ಇಂಥ ಶ್ರಮದ ಫಲ ದೊಡ್ಡವರಿಗೆ ಮಾತ್ರ ಮೀಸಲಲ್ಲ, ಶ್ರಮಪಟ್ಟರೆ ಸಣ್ಣವನಿಗೂ ಸಿಗುತ್ತದೆ ಎಂಬುದು ಮುಂದಿನ ಮಾತು. ಸಣ್ಣವರೂ ದೊಡ್ಡವರೂ ಶ್ರಮಿಸಲಿ, ಗಡಿಯಾಚೆಯವರಿಗೂ ಇದು ತಿಳಿಯಲಿ, ಈ ಶ್ರಮ ಬಹುಕಾಲ ನಿಲ್ಲಲಿ ಎಂದು ಅವನ ಆಸೆ. ಕೊನೆಗೆ 256 ಎಂಬ ಸಂಖ್ಯೆ ಬರುತ್ತದೆ. ಅದರ ಅರ್ಥದ ಬಗ್ಗೆ ವಿದ್ವಾಂಸರಲ್ಲಿ ಬಹುಕಾಲ ವಾದ ನಡೆಯಿತು. ಅರಮನೆ ಬಿಟ್ಟು ಸಂಚಾರದಲ್ಲಿ ಕಳೆದ ರಾತ್ರಿಗಳ ಲೆಕ್ಕ ಅದು ಎಂಬ ಅಭಿಪ್ರಾಯಕ್ಕೆ ಈಗ ಹೆಚ್ಚಿನ ಒಪ್ಪಿಗೆಯಿದೆ.

ಇಷ್ಟಾದ ಮೇಲೆ ಬರುವುದು ಐದು ಮಾತು. ತಾಯಿತಂದೆಯರ ಮಾತು ಕೇಳಬೇಕು. ಜೀವಿಗಳ ವಿಷಯದಲ್ಲಿ ಕರುಣೆ ಗಟ್ಟಿಯಾಗಿರಬೇಕು. ನಿಜ ಹೇಳಬೇಕು. ಶಿಷ್ಯನು ಗುರುವನ್ನು ಗೌರವಿಸಬೇಕು. ಬಂಧುಗಳೊಡನೆ ತಕ್ಕ ಹಾಗೆ ನಡೆದುಕೊಳ್ಳಬೇಕು. ಮುಗಿಯಿತು. ದೇವರು, ಪೂಜೆ, ನಿರ್ವಾಣ, ಮರುಜನ್ಮದ ಪ್ರಸ್ತಾಪ ಈ ಐದರಲ್ಲಿ ಎಲ್ಲೂ ಇಲ್ಲ. ಇದು ಹಳೆಯ ರೀತಿ, ಇದರಿಂದ ಆಯುಷ್ಯ ಹೆಚ್ಚುತ್ತದೆ ಎಂದು ಹೇಳಿ ಶಾಸನ ನಿಲ್ಲುತ್ತದೆ. ಅಡಿಯಲ್ಲಿ ಲಿಪಿಕಾರನ ಹೆಸರಿದೆ: ಚಪಡ. ಶಾಸನವೆಲ್ಲ ಬ್ರಾಹ್ಮಿಯಲ್ಲಿದ್ದರೂ ತನ್ನ ಕಸುಬಿನ ಹೆಸರನ್ನು ಆತ ವಾಯವ್ಯ ಭಾರತದ ಖರೋಷ್ಠಿ ಲಿಪಿಯಲ್ಲಿ ಬರೆದುಕೊಂಡಿದ್ದಾನೆ.

ಇದನ್ನೆಲ್ಲ ಕೇಳಿದವರು ಯಾರು? ಮಾರ್ಟಿಮರ್ ವೀಲರ್ 1947ರಲ್ಲಿ ಬ್ರಹ್ಮಗಿರಿಯಲ್ಲಿ ಉತ್ಖನನ ಮಾಡಿದಾಗ ನಯಮಾಡಿದ ಕಲ್ಲಿನ ಕೊಡಲಿಗಳ ಜನ, ಅವರ ಬಳಿಕ ಕಬ್ಬಿಣ ಬಳಸಿ ದೊಡ್ಡ ಕಲ್ಲುಚಪ್ಪಡಿಗಳ ಗೋರಿ ಕಟ್ಟಿದ ಜನ, ಅದರ ಮೇಲಿನ ಇನ್ನೊಂದು ಕಾಲ ಹೀಗೆ ಪದರಪದರವಾಗಿ ಕುರುಹುಗಳು ಸಿಕ್ಕವು. ದನ ಸಾಕಿ, ಒಣಬೇಸಾಯ ಮಾಡಿ, ಸತ್ತವರಿಗೆ ಕಲ್ಲಿನ ಮನೆ ಕಟ್ಟಿಕೊಡುತ್ತಿದ್ದ ಮಂದಿಯ ನೆಲ ಇದು. ಬಂಡೆಯ ಮೇಲಿನ ಪ್ರಾಕೃತವನ್ನು ಅವರಲ್ಲಿ ಯಾರೂ ತಾವಾಗಿ ಓದಿರಲಾರರು. ಅಧಿಕಾರಿ ಓದಿ ಹೇಳಬೇಕಿತ್ತು. ಆಂಧ್ರದ ಗುತ್ತಿಯ ಹತ್ತಿರ ಎರ್ರಗುಡಿಯಲ್ಲಿ ಸಿಕ್ಕ ಇದೇ ಶಾಸನದ ಪಾಠದಲ್ಲಿ, ಭೇರಿ ಹೊಡೆಸಿ ಹಳ್ಳಿಗರಿಗೆ ತಿಳಿಸುವ ಏರ್ಪಾಡೂ ಬರೆದಿದೆ. ಈ ಧರ್ಮ ಕಿವಿಯಿಂದ ಕಿವಿಗೆ, ಆಡುವ ಬಾಯಿಯ ಮೂಲಕ ಹರಡಬೇಕಿದ್ದ ಧರ್ಮ.

ಅಶೋಕನನ್ನು ಸಂತನನ್ನಾಗಿ ಮಾಡುವುದು ನನ್ನ ಉದ್ದೇಶವಲ್ಲ. ಕಳಿಂಗದ ಯುದ್ಧದಲ್ಲಿ ಒಂದು ಲಕ್ಷ ಜನ ಸತ್ತರು, ಒಂದೂವರೆ ಲಕ್ಷ ಜನರನ್ನು ಸೆರೆಹಿಡಿದು ಸಾಗಿಸಲಾಯಿತು ಎಂದು ಅವನೇ ಬರೆಸಿದ್ದಾನೆ. ಆ ಪಶ್ಚಾತ್ತಾಪದ ಶಾಸನದಲ್ಲೇ ಕಾಡಿನ ಜನರಿಗೆ ತನ್ನ ಶಕ್ತಿಯನ್ನು ನೆನಪಿಸಿ ಎಚ್ಚರಿಸುತ್ತಾನೆ. ಕರುಣೆಯ ಮಾತಾಡುವ ಕೈಯಲ್ಲಿ ದಂಡವೂ ಇತ್ತು. ಅದನ್ನು ಮರೆಸಿ ಹೇಳಿದರೆ, ಐದು ಮಾತುಗಳಲ್ಲಿ ಮೂರನೆಯದಕ್ಕೇ ನಾವು ತಪ್ಪಿದಂತೆ.

ಐದು ಮಾತು ಯಾರಿಗೆ ಗೊತ್ತಿಲ್ಲ? ಎಲ್ಲ ಮನೆಯಲ್ಲೂ ಅಜ್ಜಿಯರು ಹೇಳುವುದೇ. ಗೊತ್ತಿದ್ದೂ ನಡೆಯಲಾಗದಿರುವುದೇ ಕಷ್ಟ. ನಡೆಯುವ ಬಗೆಯನ್ನು ಬ್ರಹ್ಮಗಿರಿಯ ಬಂಡೆ ಹೇಳುವುದಿಲ್ಲ. ಅದಕ್ಕೆ ಅಶೋಕನ ಇನ್ನೊಂದು ಕಲ್ಲಿನ ಹತ್ತಿರ ಹೋಗಬೇಕು. ರಾಜಸ್ಥಾನದ ಬೈರಾಟದಲ್ಲಿ 1840ರಲ್ಲಿ ಸಿಕ್ಕ, ಈಗ ಕೋಲ್ಕತ್ತದ ಏಷ್ಯಾಟಿಕ್ ಸೊಸೈಟಿಯಲ್ಲಿರುವ ಆ ಶಿಲೆಯಲ್ಲಿ, ಭಿಕ್ಷುಗಳೂ ಗೃಹಸ್ಥರೂ ಮತ್ತೆಮತ್ತೆ ಕೇಳಿ ಮನನ ಮಾಡಬೇಕಾದ ಏಳು ಬುದ್ಧೋಪದೇಶಗಳ ಹೆಸರಿದೆ. ಏಳರಲ್ಲೊಂದು, ಸುಳ್ಳಿನ ವಿಷಯವಾಗಿ ರಾಹುಲನಿಗೆ ಹೇಳಿದ್ದು.

ರಾಹುಲ ಬುದ್ಧನ ಮಗ. ಉಪದೇಶ ಕೇಳುವಾಗ ಇನ್ನೂ ಎಳೆಯ ಹುಡುಗ. ಪಾಲಿ ಗ್ರಂಥಗಳು ಹೇಳುವಂತೆ, ಬುದ್ಧ ಅವನಿದ್ದಲ್ಲಿಗೆ ಬರುತ್ತಾನೆ. ಕಾಲು ತೊಳೆದುಕೊಳ್ಳಲು ಹುಡುಗ ನೀರಿಡುತ್ತಾನೆ. ತೊಳೆದುಕೊಂಡು ಪಾತ್ರೆಯ ತಳದಲ್ಲಿ ಒಂದಿಷ್ಟು ನೀರು ಉಳಿಸಿ, ಗೊತ್ತಿದ್ದೂ ಸುಳ್ಳಾಡಿ ನಾಚದವನ ಸಾಧನೆ ಇಷ್ಟೇ ಎಂದು ತೋರಿಸುತ್ತಾನೆ. ಆ ನೀರನ್ನೂ ಚೆಲ್ಲುತ್ತಾನೆ, ಪಾತ್ರೆಯನ್ನು ಬೋರಲು ಹಾಕುತ್ತಾನೆ, ಮತ್ತೆ ಎತ್ತಿ ಬರಿದಾಗಿರುವುದನ್ನು ತೋರಿಸುತ್ತಾನೆ. ಬಯ್ಯುವುದಿಲ್ಲ. ಆಮೇಲೆ ಕೇಳುತ್ತಾನೆ: ಕನ್ನಡಿ ಇರುವುದು ಯಾತಕ್ಕೆ? ನೋಡಿಕೊಳ್ಳಲು, ಎನ್ನುತ್ತಾನೆ ಹುಡುಗ. ಹಾಗೆಯೇ ಮೈಯಿಂದ, ಮಾತಿನಿಂದ, ಮನಸ್ಸಿನಿಂದ ಏನನ್ನೇ ಮಾಡುವುದಿದ್ದರೂ ನೋಡಿಕೊಂಡು ಮಾಡು ಎಂಬುದು ಪಾಠ. ಮಾಡುವ ಮೊದಲು ನೋಡಿಕೊ: ಇದರಿಂದ ನನಗೆ ನೋವಾಗುತ್ತದೆಯೆ, ಬೇರೆಯವರಿಗಾಗುತ್ತದೆಯೆ, ಇಬ್ಬರಿಗೂ ಆಗುತ್ತದೆಯೆ? ಆಗುವಂತಿದ್ದರೆ ಬಿಡು. ಮಾಡುತ್ತಿರುವಾಗ ನೋಡಿಕೊ, ನೋವಾಗುತ್ತಿದ್ದರೆ ಅಲ್ಲಿಗೇ ನಿಲ್ಲಿಸು. ಮಾಡಿ ಮುಗಿಸಿದ ಮೇಲೂ ನೋಡಿಕೊ. ನೋವಾಗಿದ್ದರೆ ಗುರುವಿನ ಮುಂದೆಯೋ ತಿಳಿದ ಗೆಳೆಯನ ಮುಂದೆಯೋ ಒಪ್ಪಿಕೊಂಡು, ಮುಂದೆ ಹಾಗಾಗದಂತೆ ತಡೆದುಕೊ.

ಎಚ್ಚರ, ಸತ್ಯ, ಕರುಣೆ ಮೂರೂ ಇಲ್ಲಿ ಒಂದೇ ಕೆಲಸದೊಳಗೆ ಹೆಣೆದುಕೊಂಡಿವೆ. ಈಚೆಗೆ ಬೆಂಗಳೂರಿನ ಕಂಪನಿಗಳಲ್ಲಿ, ಮೊಬೈಲ್ ಆ್ಯಪ್‌ಗಳಲ್ಲಿ ಮೈಂಡ್‌ಫುಲ್‌ನೆಸ್ ಎಂಬ ಹೆಸರಿನಲ್ಲಿ ಎಚ್ಚರವೊಂದನ್ನೇ ಬಿಡಿಸಿ ಕಲಿಸುತ್ತಾರೆ. ಉಸಿರಾಟ ಗಮನಿಸಿದರೆ ಒತ್ತಡ ಇಳಿಯುತ್ತದೆ, ಅದು ಒಳ್ಳೆಯದೇ. ಆದರೆ ಬರೀ ಏಕಾಗ್ರತೆ ಜೇಬುಗಳ್ಳನಿಗೂ ಇರುತ್ತದೆ. ಬುದ್ಧ ಮಗನಿಗೆ ಕಲಿಸಿದ ಎಚ್ಚರ, ‘ಇದರಿಂದ ಯಾರಿಗೆ ನೋವು’ ಎಂದು ಕೇಳಿಕೊಳ್ಳುವ ಎಚ್ಚರ. ಆ ಪ್ರಶ್ನೆ ಕಳಚಿಬಿದ್ದರೆ ಉಳಿಯುವುದು ಆರಾಮ ಮಾತ್ರ.

ಮಾರುಕಟ್ಟೆಯಲ್ಲಿ ಶೇಂಗಾ ಮೂಟೆ ತೂಕಕ್ಕೆ ನಿಂತ ಹೊತ್ತು ಈ ಪ್ರಶ್ನೆಗೆ ತಕ್ಕ ಹೊತ್ತು. ತೇವ ಹೆಚ್ಚಿದೆ, ಮಣ್ಣು ಸೇರಿದೆ ಎಂದು ಎಷ್ಟು ಕಳೆಯುತ್ತಾರೆ ಎಂಬುದರ ಮೇಲೆ ರೈತನ ಆ ವರ್ಷದ ಸಾಲ ನಿಂತಿರುತ್ತದೆ. ಹೆಣ್ಣು ನೋಡಲು ಹೋದಾಗ ಹುಡುಗನ ಕುಡಿತದ ಸಂಗತಿಯನ್ನು ಹಿರಿಯರು ನುಂಗಿಕೊಳ್ಳುವ ಗಳಿಗೆಯೂ ಅಂಥದ್ದೇ. ನೆಂಟಸ್ತನ ಉಳಿಯಲಿ ಎಂದು ಆಡದೆ ಬಿಟ್ಟ ಒಂದು ಮಾತನ್ನು ಹುಡುಗಿ ಬಾಳೆಲ್ಲ ಹೊರುತ್ತಾಳೆ. ಹೊಸದುರ್ಗ, ಹೊಳಲ್ಕೆರೆ ಕಡೆಯ ತೆಂಗು ಅಡಿಕೆಯ ತೋಟದ ಮನೆಗಳಲ್ಲಿ ಈಗ ಅಪ್ಪ ಅಮ್ಮ ಇಬ್ಬರೇ ಇರುವುದು ಮಾಮೂಲಾಗಿದೆ. ಬೆಂಗಳೂರಿನಿಂದ ಮಗ ಫೋನ್ ಮಾಡುತ್ತಾನೆ, ದುಡ್ಡು ಕಳಿಸುತ್ತಾನೆ. ಹಬ್ಬಕ್ಕೆ ಬಂದಾಗ ಅಮ್ಮ ಬೋರ್‌ವೆಲ್ ಬತ್ತಿದ್ದು, ಮಂಡಿ ನೋಯುವುದು, ಪಕ್ಕದ ಮನೆಯವರು ಬದು ಒತ್ತಿದ್ದು ಹೇಳುತ್ತಿರುವಾಗ ಕಣ್ಣು ಪರದೆಯ ಮೇಲಿರುತ್ತದೆ. ತಾಯಿತಂದೆಯರ ಮಾತು ಕೇಳಬೇಕು ಎಂಬ ಮೊದಲ ಮಾತನ್ನು ನಾನು ಈಗ ತುಸು ನೇರವಾಗಿ ಓದುತ್ತೇನೆ. ವಿಧೇಯತೆಯ ಮಾತು ಆಮೇಲಿನದು. ಮೊದಲು ಕೇಳಿಸಿಕೊಳ್ಳಬೇಕು.

ಎರಡನೆಯ ಮಾತಿಗೆ, ಜೀವಿಗಳ ಮೇಲಿನ ಕರುಣೆಗೆ, ಬಂಡೆಯ ಸುತ್ತಲಿನ ಸೀಮೆಯೇ ಸಾಕ್ಷಿ ನುಡಿಯುತ್ತದೆ. ಚಳ್ಳಕೆರೆ, ಮೊಳಕಾಲ್ಮುರು ತಾಲ್ಲೂಕುಗಳ ಮ್ಯಾಸಬೇಡರು ‘ದೇವರ ಎತ್ತು’ಗಳನ್ನು ಸಾಕುತ್ತಾರೆ. ತಮ್ಮ ದೈವಗಳಿಗೆ, ಗಾದ್ರಿ ಪಾಲನಾಯಕನಂಥ ವೀರರಿಗೆ ಬಿಟ್ಟ ದನಗಳವು. ಅವನ್ನು ನೇಗಿಲಿಗೆ ಕಟ್ಟುವುದಿಲ್ಲ, ಕಟುಕರಿಗೆ ಮಾರುವುದಿಲ್ಲ. ನೋಡಿಕೊಳ್ಳಲು ಕಿಲಾರಿ ಎಂಬ ಆಳಿದ್ದಾನೆ. ಅವನ ಬದುಕೇ ಮಂದೆಯ ಹಿಂದೆ. ಮಳೆ ಕೈಕೊಟ್ಟ ವರ್ಷಗಳಲ್ಲಿ ಮನುಷ್ಯರಿಗೇ ನೀರಿಲ್ಲದಾಗ ಈ ಮಂದೆಗಳಿಗೆ ಮೇವು ಹೊಂದಿಸುವುದು ಊರಿಗೆ ಊರೇ ಹೊರುವ ಹೊಣೆ. ಸರ್ಕಾರ ಗೋಶಾಲೆ ತೆರೆಯಬೇಕೆಂದು ಜನ ಬೀದಿಗಿಳಿಯುತ್ತಾರೆ. ಹೆಸರಿನಲ್ಲೇ ಬೇಟೆಯಿರುವ ಸಮುದಾಯ ಉಳುಮೆಗೂ ಬಾರದ ದನವನ್ನು ಬರಗಾಲದಲ್ಲಿ ಕಾಯುತ್ತದೆ. ಲಾಭದ ಲೆಕ್ಕಕ್ಕೆ ಸಿಗದ ನಡೆ ಅದು. ಜಟಿಂಗ ರಾಮೇಶ್ವರದ ಸ್ಥಳಕಥೆಯೂ ಇದರ ಒಡಹುಟ್ಟು. ಸೀತೆಗಾಗಿ ಹೋರಾಡಿ ಬಿದ್ದ ಜಟಾಯುವಿನ ನೆನಪಿನ ಬೆಟ್ಟ ಅದೆಂದು ಜನ ನಂಬುತ್ತಾರೆ. ಹದ್ದೊಂದಕ್ಕೆ ರಾಮ ತಂದೆಗೆ ಮಾಡುವ ಹಾಗೆ ಅಂತ್ಯಕ್ರಿಯೆ ಮಾಡಿದ ಕಥೆಯ ಬೆಟ್ಟದ ಮೇಲೆಯೇ ಜೀವಿಗಳ ಮೇಲಿನ ಕರುಣೆಯ ಶಾಸನವೂ ಇದೆ.

ಇದೆಲ್ಲ ಬೌದ್ಧಧರ್ಮದಿಂದ ಬಂತು ಎಂದು ನಾನು ಹೇಳುವುದಿಲ್ಲ. ಹಾಗೆ ಹೇಳಲು ಆಧಾರವಿಲ್ಲ, ಹೇಳಬೇಕಾದ ಅಗತ್ಯವೂ ಇಲ್ಲ. ಇದು ಹಳೆಯ ರೀತಿ ಎಂದು ಬಂಡೆಯೇ ಒಪ್ಪಿದೆಯಲ್ಲ! ತಾನು ತಂದದ್ದು ಹೊಸದೆಂದು ಅಶೋಕ ಬೀಗಲಿಲ್ಲ. ನೆಲದಲ್ಲಿ ಇದ್ದುದನ್ನು ಗುರುತಿಸಿ, ಅದಕ್ಕೆ ಶ್ರಮ ಸೇರಿಸಿ ಎಂದ.

ಆದರೆ ಹಳೆಯ ರೀತಿ ಎಂಬ ಮಾತಿನಲ್ಲಿ ಒಂದು ಅಪಾಯವಿದೆ. ಹಿರಿಯೂರು, ಚಳ್ಳಕೆರೆ, ಹೊಸದುರ್ಗ ಸೀಮೆಯ ಕಾಡುಗೊಲ್ಲರ ಹಟ್ಟಿಗಳಲ್ಲಿ ದನಕುರಿಗಳ ಮೇಲಿನ ಮಮತೆಯ ದೊಡ್ಡ ಪರಂಪರೆ ಇದೆ. ತಮ್ಮ ವೀರ ಜುಂಜಪ್ಪನ ಕಾವ್ಯವನ್ನು ಬಾಯಲ್ಲೇ ಉಳಿಸಿಕೊಂಡು ಬಂದ ಜನ ಅವರು. ಅದೇ ಹಟ್ಟಿಗಳಲ್ಲಿ ಕೆಲವೆಡೆ ಮುಟ್ಟಾದ ಹೆಣ್ಣುಮಕ್ಕಳನ್ನು, ಹಸಿ ಬಾಣಂತಿಯರನ್ನು ಹಟ್ಟಿಯ ಹೊರಗೆ ಗುಡಿಸಲಿನಲ್ಲಿಡುವ ಪದ್ಧತಿ ಇನ್ನೂ ಪೂರ್ತಿ ಅಳಿದಿಲ್ಲ. ಚಳಿಯಲ್ಲಿ, ಮಳೆಯಲ್ಲಿ, ಎಳೆಗೂಸಿನೊಡನೆ. ಇದೂ ಹಳೆಯ ರೀತಿಯೇ, ಇದೂ ದೇವರ ಹೆಸರಿನಲ್ಲೇ ನಡೆಯುವುದು. ಆ ಹಟ್ಟಿಗಳ ಜನರ ಬಗ್ಗೆ ಗೌರವ ಇಟ್ಟುಕೊಂಡೇ ಹೇಳುತ್ತೇನೆ: ಕರುವಿಗೆ ಬೆಚ್ಚನೆಯ ಕೊಟ್ಟಿಗೆ ಇರುವಲ್ಲಿ ಹೆತ್ತವಳಿಗೆ ಸೂರಿಲ್ಲದಿರುವುದನ್ನು ಯಾವ ದೈವವೂ ಬಯಸಲಾರದು. ರಾಹುಲನಿಗೆ ಹೇಳಿದ ಪ್ರಶ್ನೆ ಬೇಕಾಗುವುದು ಇಲ್ಲಿಯೇ. ಇದರಿಂದ ಯಾರಿಗೆ ನೋವು? ಎಷ್ಟು ಹಳೆಯದೆಂದು ಆ ಪ್ರಶ್ನೆ ಕೇಳುವುದಿಲ್ಲ. ಹಟ್ಟಿಯೊಳಗಿನ ಓದಿದ ಹೆಣ್ಣುಮಕ್ಕಳೇ ಈಗ ಅದನ್ನು ಕೇಳತೊಡಗಿದ್ದಾರೆ. ಹೊರಗಿನವರು ಕೂಗಾಡುವುದಕ್ಕಿಂತ ಅವರ ಬೆನ್ನಿಗೆ ನಿಲ್ಲುವುದು ಒಳ್ಳೆಯದು.

ಡಾ. ಅಂಬೇಡ್ಕರ್ ಕೂಡ ಹಳೆಯ ರೀತಿಯ ಇದೇ ಗಂಟನ್ನು ಬಿಚ್ಚಲು ಬುದ್ಧನ ಬಳಿಗೆ ಹೋದರು. 1956ರ ಅಕ್ಟೋಬರ್ 14ರಂದು ನಾಗಪುರದಲ್ಲಿ ಲಕ್ಷಾಂತರ ಜನರೊಂದಿಗೆ ಬೌದ್ಧರಾದ ಅವರು ಕರುಣೆಯೊಂದೇ ಸಾಲದು, ಮೈತ್ರಿ ಬೇಕು ಎಂದು ತಮ್ಮ ಕೊನೆಯ ಗ್ರಂಥದಲ್ಲಿ ವಾದಿಸಿದ್ದಾರೆ. ಮೇಲಿನಿಂದ ಕೆಳಕ್ಕೆ ಸುರಿಯುವ ಮರುಕವನ್ನು ಜಾತಿಯ ಊರು ಸಹಿಸಿಕೊಳ್ಳುತ್ತದೆ. ಪಕ್ಕದಲ್ಲಿ ಕೂತು ಉಣ್ಣುವ ಮೈತ್ರಿಯನ್ನು ಸಹಿಸಿಕೊಳ್ಳುವುದು ಅದಕ್ಕೆ ಕಷ್ಟ. ಕೇರಿಯವರಿಗೆ ಅನ್ನ ಕೊಟ್ಟು ಹೋಟೆಲಿನಲ್ಲಿ ಬೇರೆ ಲೋಟ ಇಡುವ ಊರು ಕರುಣೆಯಿದೆ ಎಂದು ಹೇಳಿಕೊಳ್ಳಬಹುದು. ಮೈತ್ರಿಯಿದೆ ಎನ್ನಲಾರದು.

ಅಶೋಕನ ಕರುಣೆ ಮನಸ್ಸಿನೊಳಗೇ ಉಳಿದ ಮೃದುತನವಾಗಿರಲಿಲ್ಲ ಎಂಬುದನ್ನೂ ನೋಡಬೇಕು. ಮನುಷ್ಯರಿಗೂ ಪ್ರಾಣಿಗಳಿಗೂ ಚಿಕಿತ್ಸೆಯ ಏರ್ಪಾಡು, ಔಷಧಿಗಿಡಗಳನ್ನು ತರಿಸಿ ನೆಡಿಸಿದ್ದು, ದಾರಿಯುದ್ದಕ್ಕೂ ಬಾವಿ, ನೆರಳಿನ ಮರ: ಇವು ಅವನ ಬೇರೆ ಶಾಸನಗಳಲ್ಲಿ ಬರುವ ಕೆಲಸಗಳು. ಬಯಲುಸೀಮೆಯವರಿಗೆ ಬಾವಿಯ ಪುಣ್ಯವನ್ನು ಬಿಡಿಸಿ ಹೇಳಬೇಕಿಲ್ಲ. 1907ರಲ್ಲಿ ಮುಗಿದ ಮಾರಿಕಣಿವೆಯ ವಾಣಿವಿಲಾಸ ಸಾಗರ 1933ರಲ್ಲಿ ಕೋಡಿ ಬಿದ್ದಿತ್ತು. ಮತ್ತೆ ಕೋಡಿ ಹರಿದದ್ದು 89 ವರ್ಷಗಳ ಬಳಿಕ, 2022ರಲ್ಲಿ. ಆ ದಿನಗಳಲ್ಲಿ ಹಿರಿಯೂರಿನ ಮುದುಕರು ನೀರು ನೋಡಿ ಕಣ್ಣೊರೆಸಿಕೊಂಡದ್ದರಲ್ಲಿ ಆಶ್ಚರ್ಯವಿಲ್ಲ. ಒಂದು ತಲೆಮಾರು ಕಟ್ಟಿದ ಕಟ್ಟೆ ತಾನು ಕಾಣದ ಮೊಮ್ಮಕ್ಕಳ ಬಾಯಾರಿಕೆ ತಣಿಸಿತು.

ಸರ್ಕಾರಿ ಕೆಲಸದಲ್ಲಿರುವವರಿಗೆ ಅಶೋಕ ಬರೆಸಿದ ಪತ್ರಗಳೂ ನಮ್ಮ ರಾಜ್ಯದಲ್ಲೇ ಇವೆ. ಕಲಬುರಗಿ ಜಿಲ್ಲೆಯ ಸನ್ನತಿಯಲ್ಲಿ, ಭೀಮಾ ತೀರದ ಚಂದ್ರಲಾಂಬಾ ಗುಡಿಯ ಆವರಣದಲ್ಲಿ 1980ರ ದಶಕದಲ್ಲಿ ದೇವಿಯ ವಿಗ್ರಹಕ್ಕೆ ಪೀಠವಾಗಿದ್ದ ಚಪ್ಪಡಿಯೊಂದು ಸಿಕ್ಕಿತು. ಅದರ ಮೇಲೆ, ಒಡಿಶಾದ ಧೌಲಿ ಮತ್ತು ಜೌಗಡದಲ್ಲಿ ಮಾತ್ರ ಇವೆ ಎಂದುಕೊಂಡಿದ್ದ ಪ್ರತ್ಯೇಕ ಶಾಸನಗಳ ಭಾಗಗಳಿದ್ದವು. ಹತ್ತಿರದ ಕನಗನಹಳ್ಳಿಯ ಸ್ತೂಪದಲ್ಲಿ ಅಶೋಕನ ಹೆಸರು ಕೆತ್ತಿದ ಅವನ ಶಿಲ್ಪವೂ ದೊರೆಯಿತು. ಆ ಪ್ರತ್ಯೇಕ ಶಾಸನಗಳಲ್ಲೊಂದು ನಗರದ ನ್ಯಾಯ ನೋಡುವ ಅಧಿಕಾರಿಗಳಿಗೆ ಬರೆದ ಪತ್ರ. ಅದರ ಪೂರ್ಣ ಪಾಠ ಧೌಲಿಯಲ್ಲಿದೆ. ಪ್ರಜೆಗಳೆಲ್ಲ ನನ್ನ ಮಕ್ಕಳು ಎಂದು ಹೇಳಿ, ನ್ಯಾಯ ತಪ್ಪಿಸುವ ಏಳು ದೋಷಗಳನ್ನು ಅವನು ಎಣಿಸುತ್ತಾನೆ: ಹೊಟ್ಟೆಕಿಚ್ಚು, ಸಿಟ್ಟು, ಕಟುಕತನ, ಆತುರ, ಹಿಡಿದ ಕೆಲಸದಲ್ಲಿ ನಿಲ್ಲದಿರುವುದು, ಸೋಮಾರಿತನ, ದಣಿವು. ಸಿಟ್ಟಿಲ್ಲದೆ, ಆತುರವಿಲ್ಲದೆ ಇರುವುದೇ ಎಲ್ಲಕ್ಕೂ ಬುಡ ಎನ್ನುತ್ತಾನೆ.

ಈ ಪಟ್ಟಿಯಲ್ಲಿ ದಣಿವು ಸೇರಿರುವುದು ನನ್ನ ಮನಸ್ಸಿಗೆ ಬಹಳ ನಾಟಿದೆ. ದಣಿದವನು ಏಳಲಾರ, ಆದರೂ ಎದ್ದು ನಡೆಯಲೇಬೇಕು ಎಂದು ಅವನು ಬರೆಸುತ್ತಾನೆ. ತಾಲ್ಲೂಕು ಕಚೇರಿಯ ಕಿಟಕಿಯ ಹಿಂದೆ ಕೂತವರು, ಸರ್ಕಾರಿ ಆಸ್ಪತ್ರೆಯಲ್ಲಿ ರಾತ್ರಿ ಪಾಳಿಯ ನರ್ಸ್, ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂರಿಸಿಕೊಂಡು ಪಾಠ ಹೇಳುವ ಮೇಷ್ಟ್ರು, ಇವರಲ್ಲಿ ಹೆಚ್ಚಿನವರು ಕೆಟ್ಟವರಲ್ಲ, ದಣಿದವರು. ಖಾತೆ ಬದಲಾವಣೆಗೆಂದು ಬಸ್ ಹಿಡಿದು ಬಂದ ಮುದುಕಿಗೆ ‘ನಾಳೆ ಬಾರಮ್ಮ’ ಎನ್ನುವಾಗ ಅದರ ಹಿಂದೆ ಯಾವಾಗಲೂ ದುಷ್ಟತನ ಇರುವುದಿಲ್ಲ. ಮುದುಕಿಗೆ ಮಾತ್ರ ಆ ದಿನದ ಕೂಲಿ ಹೋಗಿರುತ್ತದೆ, ಬಸ್ಸಿನ ಸಮಯವೂ ಮೀರಿರುತ್ತದೆ. ದಣಿವು ಯಾರೊಬ್ಬರ ತಪ್ಪೂ ಅಲ್ಲ ನಿಜ, ಅದರ ಪೆಟ್ಟು ಬೀಳುವುದು ಕಿಟಕಿಯ ಈಚೆ ನಿಂತವರ ಮೇಲೆ. ಕೆಲಸಗಾರರನ್ನು ಹೆಚ್ಚಿಸುವ ಹೊಣೆ ಸರ್ಕಾರದ್ದು. ಅದು ಆಗುವವರೆಗೆ, ಒಬ್ಬರ ಮುಖ ನೋಡಿ ಅವರ ಮಾತು ಮುಗಿಯುವ ತನಕ ಕೇಳುವುದು ಆಳುವವರ ಆದೇಶಕ್ಕೆ ಕಾಯಬೇಕಾದ ಕೆಲಸವಲ್ಲ.

ಏಳು ದೋಷಗಳ ಆ ಪತ್ರವನ್ನು ತಿಷ್ಯ ನಕ್ಷತ್ರದ ದಿನಗಳಂದು ಗಟ್ಟಿಯಾಗಿ ಓದಬೇಕು, ನಡುವಿನ ದಿನಗಳಲ್ಲಿ ಒಬ್ಬನೇ ಒಬ್ಬ ಕೇಳುವವನಿದ್ದರೂ ಓದಬೇಕು ಎಂದು ಅಶೋಕ ಹೇಳಿದ್ದಾನೆ. ಅದನ್ನು ನಾವು ಹಾಗೆಯೇ ಮಾಡಬಹುದು. ದುರ್ಗದ ಕೋಟೆಗೆ ಪ್ರವಾಸ ಬರುವ ಶಾಲೆಗಳು ಇನ್ನೊಂದಿಷ್ಟು ದೂರ ಬಂದರೆ ಬ್ರಹ್ಮಗಿರಿ ಸಿಗುತ್ತದೆ. ಅಕ್ಷರಗುಂಡಿನ ಮುಂದೆ ಮಕ್ಕಳನ್ನು ಕೂರಿಸಿ ಇಡೀ ಶಾಸನವನ್ನು ಕನ್ನಡದಲ್ಲಿ ಓದಿ ಹೇಳಲು ಐದು ನಿಮಿಷ ಸಾಕು, ರಾಹುಲನ ನೀರಿನ ಪಾತ್ರೆಯ ಕಥೆಗೆ ಇನ್ನೈದು ನಿಮಿಷ. ಕಂದಾಯ ಇಲಾಖೆಗೆ, ಪಂಚಾಯಿತಿಗಳಿಗೆ, ಆಸ್ಪತ್ರೆಗಳಿಗೆ ಹೊಸದಾಗಿ ಸೇರುವವರ ತರಬೇತಿಯ ಮೊದಲ ದಿನ ಆ ಏಳು ದೋಷಗಳ ಪಟ್ಟಿಯನ್ನು ಕನ್ನಡದಲ್ಲಿ ಅವರ ಕೈಗೆ ಕೊಡಬೇಕು. ಚರ್ಚೆಯನ್ನು ದಣಿವಿನಿಂದಲೇ ಶುರು ಮಾಡಲಿ. ಅಲ್ಲಿ ಕೂತ ಎಲ್ಲರಿಗೂ ಅದರ ಬಗ್ಗೆ ಹೇಳಲು ಏನಾದರೂ ಇದ್ದೇ ಇರುತ್ತದೆ.